ನಾಲ್ಕು ಕ್ಲಿಕ್ಕಿನ ಕಸುಬು

"ಎರಡು ವರ್ಷದ ಹಿಂದೆ ನಮ್ಮಕ್ಕನ ಲಗ್ನಪತ್ರಿಕೆ ಇಲ್ಲೇ ಮಾಡಿಸಿದ್ವಲ್ಲ, ತಂಗಿಗೂ ಅದೇ ಥರ ಬೇಕಿತ್ತು" ಎಂದು ಡಿಟಿಪಿ ಅಂಗಡಿಗೆ ಬರುವವರು ಇದ್ದೇ ಇರುತ್ತಾರೆ. ಕೆಲಸ ಬಲ್ಲ ಆಪರೇಟರ್ ಅದನ್ನು ಹುಡುಕಲು ಕೂರುವುದಿಲ್ಲ. ಡಿ ಡ್ರೈವ್, ಅದರೊಳಗೆ ವರ್ಷ, ವರ್ಷದೊಳಗೆ ಮದುವೆ, ಮದುವೆಯೊಳಗೆ ಊರು ಮತ್ತು ಮನೆಯವರ ಹೆಸರು. ನಾಲ್ಕು ಕ್ಲಿಕ್ಕಿಗೆ ಪತ್ರಿಕೆ ಪರದೆಯ ಮೇಲಿರುತ್ತದೆ. ಕಂಪ್ಯೂಟರ್ ಕಲಿಯುವುದೆಂದರೆ ಟೈಪಿಂಗ್ ಕಲಿಯುವುದು ಎಂದುಕೊಂಡವರು ಒಮ್ಮೆ ಇದನ್ನು ನಿಂತು ನೋಡಬೇಕು.

ಟೈಪ್ ಮಾಡಿದ್ದು ಸೇವ್ ಆಗುವ ತನಕ ರ್‍ಯಾಮ್‌ನಲ್ಲಿರುತ್ತದೆ. ಕರೆಂಟ್ ಹೋದರೆ ಅದೂ ಹೋಯಿತು. ಸೇವ್ ಒತ್ತಿದಾಗಲೇ ಡಿಸ್ಕ್ ಸೇರುವುದು. ಮೊದಲ ಸಲ ಸೇವ್ ಮಾಡುವಾಗ ಕಂಪ್ಯೂಟರ್ ಕೇಳುವುದು ಎರಡೇ: ಹೆಸರೇನು, ಎಲ್ಲಿಡಲಿ? ಹೊಸಬರು ಎರಡನ್ನೂ ಓದದೆ ಎಂಟರ್ ಒತ್ತುತ್ತಾರೆ, ಹೊಸ ಫೋಲ್ಡರ್ ಮಾಡಿದಾಗಲೂ ಹೆಸರಿಡದೆ ಬಿಡುತ್ತಾರೆ. ಡೆಸ್ಕ್‌ಟಾಪ್ ತುಂಬ "ನ್ಯೂ ಫೋಲ್ಡರ್"ಗಳ ಸಂತೆ ನೆರೆಯುವುದು ಹೀಗೆ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಇರುವುದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ. ಎಂದೋ ಒಂದು ದಿನ ಕಂಪ್ಯೂಟರ್ ಕೆಟ್ಟು, ರಿಪೇರಿಯವನು ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದರೆ ಆ ಸಂತೆಯೂ ಖಾಲಿ. ಆಪರೇಟರ್ ಡಿ ಡ್ರೈವ್ ಹಿಡಿದಿರುವುದು ಇದಕ್ಕೇ. ಆದರೆ ಎರಡೂ ಡ್ರೈವ್ ಒಂದೇ ಡಿಸ್ಕಿನ ಭಾಗಗಳಾಗಿದ್ದರೆ ಡಿಸ್ಕ್ ಸತ್ತಾಗ ಎರಡೂ ಸಾಯುತ್ತವೆ. ಬೇರೆ ಡಿಸ್ಕಿನಲ್ಲೊಂದು ಪ್ರತಿ ಇರಲೇಬೇಕು.

ಹೆಸರಿಡುವುದು ಇನ್ನೂ ನಾಜೂಕಿನ ಕೆಲಸ. ಎಂಎಸ್-ಡಾಸ್ ಕಾಲದಲ್ಲಿ ಹೆಸರಿಗೆ 8 ಅಕ್ಷರ, ಚುಕ್ಕೆಯ ನಂತರ 3, ಅಷ್ಟೇ ಜಾಗ. ವಿಂಡೋಸ್ 95 ಅದನ್ನು 255ಕ್ಕೆ ಏರಿಸಿತು. ಜಾಗ ಸಿಕ್ಕಿದ ಮೇಲೂ ನಾವು ಇಡುವುದು "ಫೈನಲ್", "ಫೈನಲ್ ಹೊಸದು", "ಫೈನಲ್ ಲಾಸ್ಟ್"! ತಾರೀಖು ಹಾಕಿದರೆ ಈ ಪೇಚಾಟವಿಲ್ಲ, ಅದೂ ವರ್ಷ ಮೊದಲು ಬರುವಂತೆ: 2024-05-12. ಹೆಸರಿನ ಪ್ರಕಾರ ಜೋಡಿಸಿದಾಗ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ನಮ್ಮ ರೂಢಿಯಂತೆ ದಿನ ಮೊದಲು ಬರೆದರೆ ಎಲ್ಲ ತಿಂಗಳ ಒಂದನೇ ತಾರೀಖುಗಳೂ ಒಟ್ಟಿಗೆ ಗುಂಪುಗೂಡುತ್ತವೆ. 12/5 ಎಂದು ಓರೆಗೆರೆ ಹಾಕಲಂತೂ ವಿಂಡೋಸ್ ಬಿಡುವುದೇ ಇಲ್ಲ; ಫೋಲ್ಡರಿನ ದಾರಿ ಬರೆಯಲು ಅದು ಮೀಸಲಾದ ಗುರುತು. ಹೆಸರು ತಿದ್ದಲು ಎಫ್2 ಸಾಕು. ಚುಕ್ಕೆಯ ಆಚೆಗಿನ ಬಾಲವನ್ನು ಮಾತ್ರ ಮುಟ್ಟಬಾರದು. ಯಾವ ಸಾಫ್ಟ್‌ವೇರ್‌ನಲ್ಲಿ ತೆರೆಯಬೇಕೆಂದು ವಿಂಡೋಸ್‌ಗೆ ತಿಳಿಯುವುದು ಅದರಿಂದ.

ಎಳೆದು ಹಾಕುವುದರಲ್ಲೂ ಒಂದು ಒಳಗುಟ್ಟಿದೆ. ಒಂದೇ ಡ್ರೈವ್‌ನೊಳಗೆ ಫೈಲನ್ನು ಎಳೆದರೆ ಅದು ಜಾಗ ಬದಲಿಸುತ್ತದೆ. ಪೆನ್‌ಡ್ರೈವ್‌ಗೆ ಎಳೆದರೆ ನಕಲಾಗುತ್ತದೆ. ಡಿಸ್ಕಿನಿಂದ ಅಳಿಸಿದ್ದು ರಿಸೈಕಲ್ ಬಿನ್‌ನಲ್ಲಿ ಕಾಯುತ್ತದೆ, ಪೆನ್‌ಡ್ರೈವ್‌ನಿಂದ ಅಳಿಸಿದ್ದಕ್ಕೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ.

ಕನ್ನಡದ ಆಪರೇಟರಿಗೆ ಇಷ್ಟರ ಮೇಲೆ ಇನ್ನೊಂದು ಪಟ್ಟು ಗೊತ್ತಿರಬೇಕು. ನುಡಿ, ಬರಹ ಎಂಬ ಕನ್ನಡ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಫೈಲು ತೆರೆದರೆ ಬರೀ ಗೀಚು. ಫೈಲಿನ ಹೆಸರನ್ನೂ ಆಗ ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಯುನಿಕೋಡ್ ಕನ್ನಡಕ್ಕೆ ಅದರದೇ ಸಂಕೇತಗಳನ್ನು ಕೊಟ್ಟಿರುವುದರಿಂದ ಈಗ ಫೋಲ್ಡರಿಗೆ "ಮದುವೆ" ಎಂದೇ ಹೆಸರಿಡಬಹುದು, ಹಾಗೆಂದೇ ಹುಡುಕಲೂಬಹುದು. ಹಳೆಯ ಫೈಲುಗಳನ್ನು ಯುನಿಕೋಡಿಗೆ ತರಲು ಪರಿವರ್ತಕಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಎಡವುತ್ತವೆ. ಅದಕ್ಕೇ ಅನುಭವಸ್ಥರು ಮೂಲ ಫೈಲನ್ನು ಹಾಗೇ ಉಳಿಸಿಕೊಂಡು, ಪಕ್ಕದಲ್ಲೊಂದು ಪಿಡಿಎಫ್ ಇಟ್ಟು, ಪರಿವರ್ತಿಸಿದ್ದನ್ನು ಅದರೊಡನೆ ಸಾಲುಸಾಲಾಗಿ ತಾಳೆ ನೋಡುತ್ತಾರೆ.