ಧುಲಿಖೇಲ್‌ನಿಂದ ಚಾಮರಾಜಪೇಟೆಗೆ: ಸೇವಾ ಕಲಿಕೆ ಮುಗಿಸಿ ಬಂದ ಮೇಲೆ

ಮೇ ತಿಂಗಳಲ್ಲಿ ನಾವು ಎಂಟು ಜನ ಪ್ರಶಿಕ್ಷಣಾರ್ಥಿಗಳು ನೇಪಾಳದ ಧುಲಿಖೇಲ್ ಬಳಿಯ ಒಂದು ಶಾಲೆಯಲ್ಲಿ ಹದಿನೈದು ದಿನ ಸೇವಾ ಕಲಿಕೆ ಮುಗಿಸಿ ಬಂದೆವು. ಹೋಗುವ ಮುನ್ನ ಸಿದ್ಧತಾ ತರಬೇತಿ ಇತ್ತು. ಅಲ್ಲಿ ಶನಿವಾರ ರಜೆ, ಭಾನುವಾರ ಶಾಲೆ. ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ. ಮಕ್ಕಳ ಫೋಟೋ ತೆಗೆಯುವ ಮೊದಲು ಒಪ್ಪಿಗೆ ಕೇಳಬೇಕು ಎಂದೆಲ್ಲ ಹೇಳಿಕೊಟ್ಟಿದ್ದರು. ತಿರುಗಿ ಬಂದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಈ ಲೇಖನ ಆ ಬಿಟ್ಟುಹೋದ ಭಾಗದ ಬಗ್ಗೆ.

ಬಸವನಗುಡಿಯ ನಮ್ಮ ಮನೆಯಲ್ಲಿ ಅಜ್ಜಿ ಕೇಳಿದ ಮೊದಲ ಪ್ರಶ್ನೆ, "ಪಶುಪತಿನಾಥನ ದರ್ಶನ ಆಯ್ತೇನೇ?" ಎರಡನೆಯದು, "ರುದ್ರಾಕ್ಷಿ ತಂದ್ಯಾ?" ನಾನು ಶಾಲೆಯ ವಿಷಯ ತೆಗೆದರೆ ಎರಡು ನಿಮಿಷಕ್ಕೆ ಅಮ್ಮ ಒಗ್ಗರಣೆಗೆ ಎದ್ದು ಹೋಗುತ್ತಿದ್ದರು. ಗಾಂಧಿ ಬಜಾರಿನಲ್ಲಿ ಸಿಕ್ಕ ಗೆಳತಿಯರದೂ ಅದೇ ಕಥೆ. ಒಂದು ವಾರ ನನಗೆ ಎಲ್ಲರ ಮೇಲೂ ಸಿಟ್ಟು. ಹದಿನೈದೇ ದಿನ ಹೋಗಿ ಬಂದವಳಿಗೆ ಇಷ್ಟು ಗತ್ತು ಯಾಕೆ ಎಂದು ಈಗ ಅನಿಸುತ್ತದೆ.

ಇದು ನನ್ನೊಬ್ಬಳದೇ ಅನುಭವವಲ್ಲ. ಪರದೇಶಕ್ಕೆ ಹೋದವರ ಮನಃಸ್ಥಿತಿ ಮೊದಲು ಉತ್ಸಾಹದಲ್ಲಿದ್ದು, ಆಮೇಲೆ ಕುಗ್ಗಿ, ಮತ್ತೆ ಏರುತ್ತದೆ ಎಂದು 1955ರಲ್ಲಿ ಲಿಸ್‌ಗಾರ್ಡ್ 'ಯು' ಆಕಾರದ ರೇಖೆಯನ್ನು ಸೂಚಿಸಿದ್ದರು. 1963ರಲ್ಲಿ ಗಲಾಹಾರ್ನ್ ದಂಪತಿ ಅದನ್ನು 'ಡಬ್ಲ್ಯು' ಆಗಿ ವಿಸ್ತರಿಸಿದರು. ಎರಡನೆಯ ಕುಸಿತ ಬರುವುದು ಸ್ವಂತ ಊರಿಗೆ ಮರಳಿದಾಗ. ಊರು ಹಾಗೆಯೇ ಇರುತ್ತದೆ, ಹೋದವರು ಮಾತ್ರ ಬದಲಾಗಿರುತ್ತಾರೆ, ಅಥವಾ ಬದಲಾಗಿದ್ದೇವೆ ಎಂದುಕೊಂಡಿರುತ್ತಾರೆ. ಸೇವಾ ಕಲಿಕೆ ಎಂಬ ಹೆಸರು ಬಳಕೆಗೆ ಬಂದದ್ದು 1967ರ ಸುಮಾರಿಗೆ, ಅಮೆರಿಕದ ಸಿಗ್ಮನ್ ಮತ್ತು ರಾಮ್ಸೆ ಅವರಿಂದ. ಅದರಲ್ಲಿ ಸೇವೆಯಷ್ಟೇ ತೂಕ ಅನುಚಿಂತನೆಗೂ ಇದೆ. ನಾವು ವರದಿ ಬರೆದು ಅನುಚಿಂತನೆ ಮುಗಿಯಿತೆಂದು ತಿಳಿದಿದ್ದೆವು.

ಜುಲೈನಲ್ಲಿ ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಅಭ್ಯಾಸ ಬೋಧನೆ ಶುರುವಾಯಿತು. ಎಂಟನೇ ತರಗತಿ. ಮೊದಲ ಪಾಠದ ಪೀಠಿಕೆಗೆ ನಾನು ಧುಲಿಖೇಲ್‌ನ ಫೋಟೋಗಳನ್ನು ತೋರಿಸಿದೆ: ಇಳಿಜಾರಿನ ಹೊಲ, ಶಾಲೆಯ ಅಂಗಳ, ಸಾಲಾಗಿ ನಿಂತ ಮಕ್ಕಳು. ಮಕ್ಕಳು ಗಲಾಟೆಯಿಲ್ಲದೆ ನೋಡಿದರು, ನನಗೆ ಖುಷಿಯಾಯಿತು. ಆಗ ಒಬ್ಬಳು ಕೇಳಿದಳು, "ಮಿಸ್, ಅವರೆಲ್ಲ ಬಡವರಾ?" ಇನ್ನೊಬ್ಬ ಹಿಂದಿನ ಬೆಂಚಿನ ಕಡೆ ತಿರುಗಿ, "ಲೋ, ನಿಮ್ಮೂರು ಬಂತು ನೋಡೋ" ಎಂದ. ತರಗತಿ ನಕ್ಕಿತು.

ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಹುಡುಗ ನೇಪಾಳದವನು. ತಂದೆ ಹತ್ತಿರದ ಅಪಾರ್ಟ್‌ಮೆಂಟ್ ಒಂದರಲ್ಲಿ ವಾಚ್‌ಮನ್. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ನಾನು ಎರಡು ದಿನ ಕೂಗಿದ್ದೆ. ನೇಪಾಳದ ಮಕ್ಕಳಿಗೆ ಕಲಿಸಲು ಅಷ್ಟು ದೂರ ಹೋಗಿಬಂದವಳಿಗೆ, ನನ್ನದೇ ತರಗತಿಯಲ್ಲಿ ಕೂತವನು ಕಂಡಿರಲಿಲ್ಲ. ಅವಲೋಕನ ಪುಸ್ತಕದಲ್ಲಿ ನಮ್ಮ ಮಾರ್ಗದರ್ಶಕ ಮೇಡಂ ಬರೆದದ್ದು ಒಂದೇ ಸಾಲು: "ಈ ಚಿತ್ರಗಳಿಂದ ಮಕ್ಕಳು ಏನನ್ನು ಕಲಿಯಬೇಕಿತ್ತು?" ಉತ್ತರ ನನ್ನಲ್ಲಿರಲಿಲ್ಲ.

ಅಂದು ರಾತ್ರಿ ನನ್ನ ಧುಲಿಖೇಲ್ ಟಿಪ್ಪಣಿಗಳನ್ನು ತೆಗೆದೆ. ಹೆಚ್ಚಿನವು ನನ್ನ ಭಾವನೆಗಳೇ. ಪಾಠಕ್ಕೆ ಆಗುವಂಥದ್ದು ಒಂದೇ ಇತ್ತು, ಅದೂ ನನ್ನ ತಪ್ಪು. ಅಲ್ಲಿ ನೀರಿನ ಕುದಿಬಿಂದು ತೋರಿಸುವಾಗ ಉಷ್ಣಮಾಪಕ 95ರಲ್ಲಿ ನಿಂತುಬಿಟ್ಟಿತ್ತು. ಉಷ್ಣಮಾಪಕ ಸರಿಯಿಲ್ಲ, ಪುಸ್ತಕದಲ್ಲಿ 100 ಎಂದಿದೆ, ಹಾಗೇ ಬರೆದುಕೊಳ್ಳಿ ಎಂದುಬಿಟ್ಟಿದ್ದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು! ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದು ಸಮುದ್ರಮಟ್ಟದ ವಾಯುಒತ್ತಡದಲ್ಲಿ. ಮೇಲೇರಿದಂತೆ ಒತ್ತಡ ಕಡಿಮೆಯಾಗಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಧುಲಿಖೇಲ್ ಸುಮಾರು 1,500 ಮೀಟರ್ ಎತ್ತರದಲ್ಲಿದೆ. 95 ಸರಿಯಾಗಿಯೇ ಇತ್ತು.

ಮುಂದಿನ ಪಾಠಕ್ಕೆ ಫೋಟೋ ಇಲ್ಲ. ಬೀಕರ್, ಸ್ಪಿರಿಟ್ ದೀಪ, ಉಷ್ಣಮಾಪಕ ಇಟ್ಟು, ಎಷ್ಟಕ್ಕೆ ಕುದಿಯುತ್ತದೆ ಎಂದು ಮೊದಲೇ ಊಹಿಸಿ ಬರೆಯಲು ಹೇಳಿದೆ. ಎಲ್ಲರೂ 100. ಉಷ್ಣಮಾಪಕ 97ರ ಹತ್ತಿರ ನಿಂತಿತು. ಬೆಂಗಳೂರು ಸುಮಾರು 920 ಮೀಟರ್ ಎತ್ತರದ ಊರು. ಕಪ್ಪುಹಲಗೆಯ ಮೇಲೆ ಮಂಗಳೂರು 100, ಚಾಮರಾಜಪೇಟೆ 97, ಧುಲಿಖೇಲ್ 95 ಎಂದು ಬರೆದು, ಯಾಕಿರಬಹುದು ಎಂದಷ್ಟೇ ಕೇಳಿದೆ. ಪಾಠಯೋಜನೆಯಲ್ಲಿ ಐದು ನಿಮಿಷ ಕೊಟ್ಟಿದ್ದ ಚರ್ಚೆ ಇಪ್ಪತ್ತು ನಿಮಿಷ ನಡೆಯಿತು. ಮೌಲ್ಯಮಾಪನ ಹಂತ ತಲುಪಲೇ ಇಲ್ಲ, ಅದಕ್ಕೆ ಅಂಕವೂ ಹೋಯಿತು. ನಡುವೆ ಹಿಂದಿನ ಬೆಂಚಿನಿಂದ ಮಾತು ಬಂತು: "ನಮ್ಮೂರಲ್ಲಿ ಕುಕ್ಕರ್ ಇಲ್ದಿದ್ರೆ ಬೇಳೆ ಬೇಯೋದೇ ಇಲ್ಲ ಮಿಸ್." ಅವನ ಊರು ಜುಮ್ಲಾ ಕಡೆ, 2,000 ಮೀಟರಿಗೂ ಮೇಲೆ. ಈ ಸಲ ತಿರುಗಿ ನೋಡಿದವರು ನಗಲಿಲ್ಲ, ಒಬ್ಬ, "ಹಂಗಾದ್ರೆ ಅಲ್ಲಿ ಎಷ್ಟಕ್ಕೆ ಕುದಿಯತ್ತೆ?" ಎಂದು ಲೆಕ್ಕ ಹಾಕತೊಡಗಿದ. ಆ ಹುಡುಗ ನನ್ನೊಂದಿಗೆ ಆಮೇಲೂ ಹೆಚ್ಚು ಮಾತಾಡಲಿಲ್ಲ. ಮೊದಲ ದಿನದ್ದನ್ನು ಅವನು ಮರೆತಿರಲಿಕ್ಕಿಲ್ಲ.

ನಮ್ಮ ಬಸವನಗುಡಿಯಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆಯಿದೆ. ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದು ತಮ್ಮ ನ್ಯಾಷನಲ್ ಕಾಲೇಜಿಗೇ ಮರಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಅಮೆರಿಕ ಹೇಗಿದೆ ಎಂದು ಹೇಳುವ ವೇದಿಕೆಯಲ್ಲ ಅದು. ಇಲ್ಲಿನ ಜನ ವಿಜ್ಞಾನದ ಉಪನ್ಯಾಸ ಕೇಳಿ ಪ್ರಶ್ನೆ ಹಾಕುವ ಜಾಗ.

ಮುಂದಿನ ತಂಡದವರಿಗೆ ನನ್ನ ಸಲಹೆ ಇಷ್ಟೇ. ಹೊರಡುವ ಮೊದಲೇ ಮರಳಿದ ಮೇಲಿನ ಒಂದು ಪಾಠಕ್ಕೆ ಜಾಗ ಕಾದಿರಿಸಿ. ಅಲ್ಲಿಂದ ಚಿತ್ರಕ್ಕಿಂತ ಒಂದು ಅಳತೆ ಅಥವಾ ಒಂದು ಪ್ರಶ್ನೆ ತನ್ನಿ. ತೋರಿಸುವ ಮುನ್ನ ತರಗತಿಯಲ್ಲಿ ಯಾರು ಯಾರು ಕೂತಿದ್ದಾರೆ ಎಂದು ತಿಳಿದುಕೊಳ್ಳಿ. ಉಪನ್ಯಾಸಕರಲ್ಲಿ ಒಂದು ವಿನಂತಿ: ಮರಳಿದ ತಿಂಗಳೊಳಗೆ ನಮ್ಮನ್ನು ಕೂರಿಸಿ, ಅಲ್ಲಿ ನಾವು ಏನು ತಪ್ಪು ಕಲಿಸಿದೆವು ಎಂದು ಕೇಳಿ.

ಧುಲಿಖೇಲ್‌ನ ವಿಜ್ಞಾನ ಶಿಕ್ಷಕರಿಗೆ ವಾಟ್ಸ್ಆ್ಯಪ್‌ನಲ್ಲಿ ನಮ್ಮ 97ರ ಲೆಕ್ಕ ಕಳಿಸಿ, ಅಂದು ಉಷ್ಣಮಾಪಕ ಸರಿಯಿತ್ತು, ತಪ್ಪು ನನ್ನದು ಎಂದು ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು. ಮಕ್ಕಳು ಮತ್ತೆ ನೀರು ಕಾಯಿಸಿ ನೋಡಿದರಂತೆ. 95ಕ್ಕೇ ಕುದಿಯಿತಂತೆ.