ಕಚೇರಿಯೂ ಉಂಟು, ದಂಡೂ ಉಂಟು. ಪಿಂಚಣಿ ಯಾವ ಲೆಕ್ಕಕ್ಕೆ?

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬುದು ಕೊಟ್ಟೂರು, ಕೂಡ್ಲಿಗಿ ಸೀಮೆಯ ಹಳೆಯ ಮಾತು. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪ್ರಾದೇಶಿಕ ಸೇನೆ, ಅಂದರೆ ಟೆರಿಟೋರಿಯಲ್ ಆರ್ಮಿ ಸೇರಬಯಸುವ ಹುಡುಗರಿಗೂ ಅವರ ತಂದೆತಾಯಿಗೂ ಈ ಮಾತು ಒಪ್ಪುತ್ತದೆ. ಸಮವಸ್ತ್ರ ಹೊರಗಿನದು, ಪಿಂಚಣಿ ನಿಯಮ ಒಳಗಿನದು.

1948ರ ಕಾಯ್ದೆಯಿಂದ ಹುಟ್ಟಿದ ಈ ಸೇನೆಯನ್ನು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ 1949ರ ಅಕ್ಟೋಬರ್ 9ರಂದು ಉದ್ಘಾಟಿಸಿದರು. ಇದು ಹೊಟ್ಟೆಪಾಡಿನ ನೌಕರಿಯಲ್ಲ. ಬೇರೆ ದುಡಿಮೆ ಇರುವವರು ವರ್ಷಕ್ಕೆ ಒಂದೆರಡು ತಿಂಗಳು ತರಬೇತಿಗೆ ಹೋಗಿ ಬರುತ್ತಾರೆ. ಅಗತ್ಯ ಬಿದ್ದಾಗ ಸೇನೆ ಕರೆಸಿಕೊಳ್ಳುತ್ತದೆ. ಕ್ರಿಕೆಟಿಗ ಧೋನಿ 2019ರಲ್ಲಿ ಕಾಶ್ಮೀರಕ್ಕೆ ಹೋಗಿದ್ದು ಇದೇ ಸೇನೆಯ ಪ್ಯಾರಾ ಬೆಟಾಲಿಯನ್ನಿಗೆ. ಅವರದು ಗೌರವ ಹುದ್ದೆ, ಪಿಂಚಣಿಯ ಚಿಂತೆ ಇರಲಿಲ್ಲವೆನ್ನಿ!

ಉಜ್ಜಿನಿಯಿಂದ ದಿನಾ ಬಸ್ಸು ಹಿಡಿದು ಕೊಟ್ಟೂರಿನ ಸರ್ಕಾರಿ ಕಚೇರಿಗೆ ಹೋಗುವ ಗುಮಾಸ್ತನೊಬ್ಬ ಈ ಸೇನೆಗೆ ಸೇರಿದನೆಂದುಕೊಳ್ಳಿ. ತಾಯಿಯ ಮೊದಲ ಪ್ರಶ್ನೆ: ‘ಇರೋ ನೌಕ್ರಿಗೆ ಏನೂ ಆಗಂಗಿಲ್ಲ, ಹೌದಿಲ್ಲಪ್ಪ?’ ಕಾಯ್ದೆಯ 7ಎ ಕಲಂ ಅದಕ್ಕೆ ಉತ್ತರ ಕೊಡುತ್ತದೆ. ಸೇನೆಯ ಕರೆಗೆ ಓಗೊಟ್ಟು ಹೋಗಿ ಬಂದವನನ್ನು ನೌಕರಿ ಕೊಟ್ಟವರು ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ಮತ್ತೆ ತೆಗೆದುಕೊಳ್ಳಬೇಕು. ಭವಿಷ್ಯ ನಿಧಿ, ನಿವೃತ್ತಿ ನಿಧಿಗಳಲ್ಲಿ ಅವನ ಹಕ್ಕು ಆ ಅವಧಿಯಲ್ಲೂ ‘ನಿಯಮಾನುಸಾರ’ ಉಳಿಯುತ್ತದೆ ಎನ್ನುತ್ತದೆ 7ಬಿ ಕಲಂ.

ಸೇನೆಯ ಪಿಂಚಣಿ ಬೇರೆಯೇ ಮಾತು. ಸೇರಿ ಎಷ್ಟು ವರ್ಷವಾಯಿತೆಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕರೆಸಿಕೊಂಡು ಪೂರ್ಣಕಾಲ ದುಡಿಸಿದ ಅವಧಿ ಮಾತ್ರ ಲೆಕ್ಕ. ಅದು ಜವಾನರಿಗೆ ಒಟ್ಟು 15 ವರ್ಷ, ಅಧಿಕಾರಿಗಳಿಗೆ 20 ವರ್ಷ ತುಂಬಬೇಕು. ವರ್ಷಕ್ಕೆ ಎರಡು ತಿಂಗಳಂತೆ ಕೂಡಿಸುತ್ತಾ ಹೋದರೂ 15 ವರ್ಷ ತುಂಬಲು 90 ವರ್ಷ ಬೇಕು! ಗಾಯಗೊಂಡವರ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನ. ಈ ಸೇನೆಯ ಪರಿಸರ ಕಾರ್ಯಪಡೆಯಲ್ಲಿದ್ದು ಕಾಲು ಕಳೆದುಕೊಂಡ ಯೋಧನೊಬ್ಬನಿಗೆ ಅಂಗವೈಕಲ್ಯ ಪಿಂಚಣಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ತೀರ್ಪಿತ್ತಿತು.

ಹಾಗಾಗಿ ಗುಮಾಸ್ತನ ಮುಪ್ಪಿಗೆ ಆಧಾರ ಕಚೇರಿಯ ಪಿಂಚಣಿಯೇ. ಒಳಗೆ ನೋಡಬೇಕಾದ್ದು ‘ನಿಯಮಾನುಸಾರ’ ಎಂಬ ಆ ಒಂದು ಪದವನ್ನು. ಕಾಯ್ದೆ ಬರೆದ ಕಾಲದಲ್ಲಿ ಸರ್ಕಾರಿ ಪಿಂಚಣಿಯೆಂದರೆ ಸೇವೆಯ ವರ್ಷಗಳ ಲೆಕ್ಕ. ಸೇವೆ ಮುರಿದಿಲ್ಲ ಎಂದು ಸೇವಾ ಪುಸ್ತಕದಲ್ಲಿ ಬರೆದರೆ ಸಾಕಿತ್ತು. ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಬಂತು. ಇಲ್ಲಿ ನೌಕರನ ವಂತಿಗೆ, ಸರ್ಕಾರದ ವಂತಿಗೆ ತಿಂಗಳು ತಿಂಗಳು ಸೇರಿ ಬೆಳೆದ ಹಣವೇ ಬಂಡವಾಳ. ವಂತಿಗೆ ಬೀಳದ ತಿಂಗಳು ಪುಸ್ತಕದಲ್ಲಿ ಸೇವೆಯೆಂದೇ ಇದ್ದರೂ ಖಾತೆಯಲ್ಲಿ ಸೊನ್ನೆ. ಮೂವತ್ತು ವರ್ಷ ಅದರ ಮೇಲೆ ಬೆಳೆಯಬೇಕಿದ್ದ ಹಣವೂ ಖೋತಾ.

ದಂಡಿಗೆ ಹೊರಡುವ ಮುನ್ನ ಕಚೇರಿಯ ಅನುಮತಿ ಪತ್ರದ ಜತೆಗೇ, ಆ ತಿಂಗಳುಗಳ ಎರಡೂ ವಂತಿಗೆ ಯಾರು ಕಟ್ಟುತ್ತಾರೆಂದು ಬರವಣಿಗೆಯಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ಹಿಂದಿರುಗಿದ ಮೇಲೆ ಖಾತೆಯ ಪಟ್ಟಿ ತರಿಸಿ, ತಿಂಗಳಿಗೆ ತಿಂಗಳು ತಾಳೆ ನೋಡಬೇಕು.