ಜೋಡಿ ಲ್ಯೂಟಿನ ಪಾಠದೋಷಗಳು

ಒಬ್ಬನೇ ನುಡಿಸುವಾಗ ಮರೆಯಾಗಿ ಉಳಿಯುವ ತಪ್ಪು, ಇಬ್ಬರು ಕೂಡಿ ನುಡಿಸಿದೊಡನೆ ಬಯಲಿಗೆ ಬೀಳುತ್ತದೆ. ಯುರೋಪಿನ ಹಳೆಯ ಲ್ಯೂಟ್ ಪುಸ್ತಕಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಲ್ಯೂಟ್ ಎಂಬುದು ಬೆರಳಿನಿಂದ ಮೀಟುವ, ಮೆಟ್ಟುಗಳುಳ್ಳ ತಂತಿವಾದ್ಯ. 1507ರಲ್ಲಿ ವೆನಿಸ್ಸಿನ ಮುದ್ರಕ ಪೆಟ್ರುಚ್ಚಿಯು ಫ್ರಾಂಚೆಸ್ಕೊ ಸ್ಪಿನಾಚೀನೊ ಎಂಬಾತನ ಎರಡು ಸಂಪುಟಗಳನ್ನು ಅಚ್ಚುಹಾಕಿದ. ಇಂದು ಉಳಿದಿರುವ ಮುದ್ರಿತ ಲ್ಯೂಟ್ ಸಂಗೀತದಲ್ಲಿ ಇವೇ ಮೊದಲಿನವು. ಜೋಡಿ ವಾದನಕ್ಕೆಂದೇ ಹೊಂದಿಸಿದ ಕೆಲವು ರಚನೆಗಳೂ ಅವುಗಳಲ್ಲಿವೆ. ಒಂದು ಲ್ಯೂಟ್ ಮೂಲಗೀತೆಯ ಕೆಳಧ್ವನಿಗಳನ್ನು ಹಿಡಿದು ನಡೆಯುತ್ತದೆ. ಇನ್ನೊಂದು ಮೇಲ್ಧ್ವನಿಯನ್ನು ಬಿರುಸಾದ ಸ್ವರಗಳಿಂದ ಅಲಂಕರಿಸುತ್ತದೆ.

ಇದರ ಲಿಪಿಯಲ್ಲಿ ಸ್ವರದ ಹೆಸರೇ ಇಲ್ಲ. ಆರು ಗೆರೆಗಳು ತಂತಿಗಳಿಗೆ, ಗೆರೆಯ ಮೇಲಿನ ಅಂಕೆ ಮೆಟ್ಟಿಗೆ, ಅದರ ನೆತ್ತಿಯ ಮೇಲಿನ ಚಿಹ್ನೆ ಕಾಲಕ್ಕೆ. ಅಂಕೆಯೊಂದು ಪಕ್ಕದ ಗೆರೆಗೆ ಜಾರಿದರೆ ಸ್ವರವೇ ಬೇರೆ. ಕಾಲಚಿಹ್ನೆಯ ಒಂದು ಬಾಲ ಬಿಟ್ಟುಹೋದರೆ ಸ್ವರದ ಕಾಲ ಇಮ್ಮಡಿ! ಲಿಪಿಕಾರನು ಕಂದಪದ್ಯದಲ್ಲಿ ಒಂದು ಮಾತ್ರೆಯನ್ನು ನುಂಗಿದರೆ ಛಂದಸ್ಸೇ ಅದನ್ನು ಹಿಡಿದುಕೊಡುತ್ತದಷ್ಟೆ? ಇಲ್ಲಿ ಆ ಕೆಲಸ ಜೊತೆಗಾರನದು.

ತಪ್ಪಿದೆಯೆಂದು ತಿಳಿಯುವುದು ಸುಲಭ. ಯಾರ ತಪ್ಪೆಂಬುದೇ ತೊಡಕು. ಒಬ್ಬನಲ್ಲಿ ಕಾಲ ಕುಂದಿತೋ, ಇನ್ನೊಬ್ಬನಲ್ಲಿ ಮಿಕ್ಕಿತೋ? ಮೂಲಗೀತೆ ಬೇರೆಡೆ ದೊರೆತರೆ ಮೂರನೆಯ ಸಾಕ್ಷಿ ಸಿಕ್ಕಂತೆ. ಅಂಥ ಕೆಲವು ಗೀತೆಗಳನ್ನು ಪೆಟ್ರುಚ್ಚಿಯೇ 1501ರಲ್ಲಿ ಅಚ್ಚುಹಾಕಿದ್ದ. ಆದರೆ ತೊಡಕು ಹೆಚ್ಚಾಗಿರುವುದು ವಾದಕನು ತಾನೇ ಸೇರಿಸಿದ ಅಲಂಕಾರದಲ್ಲಿ. ಅಲ್ಲಿ ಮೂಲಗೀತೆ ಮೂಕಸಾಕ್ಷಿ. ಇದಲ್ಲದೆ, ಕೆಲವು ಜೋಡಿ ರಚನೆಗಳಿಗೆ ಎರಡು ಲ್ಯೂಟುಗಳನ್ನು ಬೇರೆ ಬೇರೆ ಶ್ರುತಿಗೆ ಕಟ್ಟಬೇಕು. ಇದನ್ನರಿಯದೆ ಒಂದೇ ಶ್ರುತಿಯಲ್ಲಿ ನುಡಿಸಿದರೆ ಶುದ್ಧಪಾಠವೂ ಆದ್ಯಂತ ಅಪಸ್ವರ!

ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗ 1559ರದು. ಫ್ರಾಂಚೆಸ್ಕೊ ದ ಮಿಲಾನೊ ಒಂಟಿ ಲ್ಯೂಟಿಗೆ ರಚಿಸಿದ್ದ ಕೆಲವು ಕೃತಿಗಳಿಗೆ ಮಾಟೆಲಾರ್ಟ್ ಎಂಬಾತ ಎರಡನೆಯ ಲ್ಯೂಟನ್ನು ಹೊಸದಾಗಿ ಕೂಡಿಸಿ ರೋಮಿನಲ್ಲಿ ಪ್ರಕಟಿಸಿದ. ಮಿಲಾನೊ ಆ ಹೊತ್ತಿಗೆ ತೀರಿಕೊಂಡು ಹದಿನಾರು ವರ್ಷ. ಅಂಥ ಕೃತಿಯ ಬೇರೊಂದು ಪ್ರತಿಗೂ ಈ ಮುದ್ರಣಕ್ಕೂ ಪಾಠಾಂತರ ಕಂಡರೆ ಅದು ಅಚ್ಚಿನ ಪ್ರಮಾದವೋ, ಜೊತೆ ಕೂಡಲೆಂದು ಮಾಟೆಲಾರ್ಟ್ ಬೇಕೆಂದೇ ತಿದ್ದಿದ್ದೋ? ಅವಸರದ ಸಂಪಾದಕನು ಇಲ್ಲಿ ತಪ್ಪನ್ನು ತೆಗೆಯಹೋಗಿ ಕೃತಿಕಾರನ ಕೈವಾಡವನ್ನೇ ಅಳಿಸಿಬಿಡಬಹುದು.

ಮುದ್ರಿತ ಪಾಠವನ್ನು ಮೇಲೆ ಉಳಿಸಿ, ತಿದ್ದುಪಡಿಯನ್ನು ಅಡಿಟಿಪ್ಪಣಿಗೆ ಇಳಿಸುವ ಸಂಪಾದಕನೇ ನನಗೆ ಮೆಚ್ಚು. ವಾದಕರು ಇದಕ್ಕೆ ಒಪ್ಪಲಾರರು. ಕಛೇರಿಯಲ್ಲಿ ಅಡಿಟಿಪ್ಪಣಿಯನ್ನು ನುಡಿಸುವುದಾದರೂ ಹೇಗೆ?